ಕಿವಿ ಮುಂದಿನ ಕೀಲು, ಪದ್ಮಾವತಿಯವರ ಸಿಟ್ಟು

ಬೆಳಗಿನ ಆರು ಗಂಟೆ. ಟಿ. ದಾಸರಹಳ್ಳಿಯ ಮೆಟ್ರೊ ನಿಲ್ದಾಣದ ಕೆಳಗೆ ಹೂವಿನವರು ಇನ್ನೂ ಗೋಣಿ ಬಿಚ್ಚುತ್ತಿದ್ದಾರೆ. ಅಲ್ಲಿಂದ ಮೂರು ನಿಮಿಷ ನಡೆದರೆ ಸಿಗುವ ಅಡ್ಡರಸ್ತೆಯಲ್ಲಿ, ನಲ್ಲಿ-ಪೈಪು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ, ಪದ್ಮಾವತಿ ಆಗಲೇ ಕೈಗವಸು ತೊಟ್ಟು ನಿಂತಿದ್ದಾರೆ. ಎದುರಿನ ಕುರ್ಚಿಯಲ್ಲಿ ಕೂತಿರುವವಳು ಲಾವಣ್ಯ. ಪೀಣ್ಯದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಪಾಳಿ ಮುಗಿಸಿ, ಗುರುತಿನ ಚೀಟಿಯನ್ನು ಕೊರಳಿಂದ ತೆಗೆಯದೆಯೇ ಮೆಟ್ಟಿಲು ಹತ್ತಿ ಬಂದಿದ್ದಾಳೆ. ಎಂಟು ಗಂಟೆ ಭೂತಗನ್ನಡಿಯ ಕೆಳಗೆ ಕಣ್ಣಿಟ್ಟು, ಬೆಸುಗೆ ಸರಿಯಾಗಿ ಕೂತಿದೆಯೇ ಎಂದು ನೋಡುವುದು ಅವಳ ಕೆಲಸ. ಕಣ್ಣು ಬೆಸುಗೆಯ ಮೇಲಿರುವಷ್ಟು ಹೊತ್ತೂ ಅವಳು ಹಲ್ಲು ಕಚ್ಚಿಕೊಂಡೇ ಇರುತ್ತಾಳೆ. ಅದು ಅವಳಿಗೆ ಗೊತ್ತಾಗುವುದೇ ಇಲ್ಲ.

"ಹೇಳ್ಕೊಟ್ಟ ವ್ಯಾಯಾಮ ಮಾಡಿದ್ರಾ?" ಪದ್ಮಾವತಿ ಕೇಳುತ್ತಾರೆ.

"ಮಾಡ್ದೆ ಮೇಡಂ."

"ಎಷ್ಟು ಸಲ?"

"ಆರು ಸಲ."

ಪದ್ಮಾವತಿ ಎರಡೂ ಕೈಯ ಬೆರಳ ತುದಿಗಳನ್ನು ಲಾವಣ್ಯಳ ಎರಡೂ ಕಿವಿಗಳ ಮುಂದೆ ಮೆಲ್ಲಗೆ ಇಡುತ್ತಾರೆ. ನಿಧಾನವಾಗಿ ಬಾಯಿ ತೆಗೆಯಲು ಹೇಳುತ್ತಾರೆ. ಬಲಗಡೆ ದವಡೆಯ ಮೂಳೆ ಸರಾಗವಾಗಿ ಜಾರುತ್ತದೆ. ಎಡಗಡೆಯದು ಅರ್ಧ ದಾರಿಯಲ್ಲಿ ತಡೆದು, ಟಕ್ ಎಂದು ಸದ್ದು ಮಾಡಿ ಮುಂದೆ ಹೋಗುತ್ತದೆ. ಗಲ್ಲ ಎಡಕ್ಕೆ ವಾಲುತ್ತದೆ.

"ನಿಮ್ಮ ಕೀಲು ಬೇರೇನೋ ಹೇಳ್ತಿದೆಯಲ್ಲ ತಾಯಿ."

"ನೆನ್ನೆ ಒಂದ್ಸಲ ಮಾಡ್ದೆ ಮೇಡಂ."

"ಮೊನ್ನೆ?"

ಲಾವಣ್ಯ ಕಿಟಕಿ ನೋಡುತ್ತಾಳೆ. ಪದ್ಮಾವತಿ ನಿಟ್ಟುಸಿರು ಬಿಡುತ್ತಾರೆ. "ಬೆಟ್ಟ ಹತ್ತು ಅಂತ ಹೇಳಿದ್ನಾ ನಾನು? ನಾಲಿಗೆ ತುದೀನ ಅಂಗುಳಕ್ಕೆ ಒತ್ತಿ ಬಾಯಿ ತೆಗೆದು ಮುಚ್ಚು ಅಂದೆ. ಬಸ್ಸಿಗೆ ಕಾಯ್ತಾ ಮಾಡ್ಬೋದು. ಕುಕ್ಕರ್ ಕೂಗೋ ತನಕ ಮಾಡ್ಬೋದು. ಹತ್ತು ಸಲ ಮಾಡೋಕೆ ಒಂದು ನಿಮಿಷ ಬೇಡ!" ಬೈಯುತ್ತಲೇ ಹೆಬ್ಬೆರಳನ್ನು ಕೆನ್ನೆಯ ಒಳಗಿಟ್ಟು, ಉಳಿದ ಬೆರಳುಗಳನ್ನು ಹೊರಗಿಟ್ಟು, ಗಂಟು ಕಟ್ಟಿಕೊಂಡಿರುವ ಸ್ನಾಯುವನ್ನು ಹಿಡಿಯುತ್ತಾರೆ. ಮಾತು ಎಷ್ಟು ಒರಟೋ ಕೈ ಅಷ್ಟು ಹಗುರ. ಲಾವಣ್ಯಳ ಕಣ್ಣಲ್ಲಿ ನೀರು ಬರುತ್ತದೆ, ಆದರೆ ಭುಜ ಇಳಿಯುತ್ತದೆ. ಒಂದೂವರೆ ನಿಮಿಷದಲ್ಲಿ ಸ್ನಾಯು ಸಡಿಲವಾಗುತ್ತದೆ. ಇನ್ನೊಮ್ಮೆ ಬಾಯಿ ತೆಗೆದಾಗ ಸದ್ದು ಅರ್ಧಕ್ಕರ್ಧ ಕಮ್ಮಿ.

ಗೋಡೆಯ ಮೇಲೆ ಪದ್ಮಾವತಿ ಕೈಯಾರೆ ಬರೆದು ಅಂಟಿಸಿದ ಹಾಳೆ ಇದೆ. "ತುಟಿ ಸೇರಿರಲಿ. ಹಲ್ಲು ಬಿಟ್ಟಿರಲಿ. ನಾಲಿಗೆ ಮೇಲಿರಲಿ." ಎಂಟು ವರ್ಷದಿಂದ ಅಲ್ಲೇ ಇದೆ. "ಯಾರೂ ಓದಲ್ಲ" ಎನ್ನುತ್ತಾರೆ. "ಅದರ ಕೆಳಗೇ ಕೂತ್ಕೊಂಡು ಹಲ್ಲು ಕಡೀತಿರ್ತಾರೆ."

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಯಾರಿಗೂ ಸಿಗುವ ಕೀಲು ಇದು. ತಿನ್ನಲು, ಆಕಳಿಸಲು, ಮಾತಾಡಲು ದಿನವಿಡೀ ದುಡಿಯುತ್ತದೆ. ಕೆಡುವವರೆಗೆ ಹೀಗೊಂದು ಕೀಲು ಇದೆಯೆಂಬುದೇ ನೆನಪಿರುವುದಿಲ್ಲ. ಕೆಟ್ಟ ಮೇಲೂ ಅದರದೇ ನೋವು ಎಂದು ತಿಳಿಯುವುದಿಲ್ಲ, ಏಕೆಂದರೆ ನೋವು ಒಂದು ಕಡೆ ನಿಲ್ಲುವುದಿಲ್ಲ. ಕಿವಿಗೆ ಹೋಗುತ್ತದೆ, ಹಲ್ಲಿಗೆ ಇಳಿಯುತ್ತದೆ, ಅರ್ಧ ತಲೆಗೆ ಏರುತ್ತದೆ. ಜನ ಅದರ ಹಿಂದೆ ಓಡುತ್ತಾರೆ. ಕಿವಿಗೆ ಹನಿ ಹಾಕಿಸುತ್ತಾರೆ, ಕನ್ನಡಕ ಬದಲಾಯಿಸುತ್ತಾರೆ, ಕೊನೆಗೆ ಹಲ್ಲು ಕೀಳಿಸುತ್ತಾರೆ. ಪದ್ಮಾವತಿಯವರ ಬಳಿ ದಿನಕ್ಕೆ ಇಪ್ಪತ್ತೈದರಿಂದ ಮೂವತ್ತು ಮಂದಿ ಬರುತ್ತಾರೆ. ಅರ್ಧದಷ್ಟು ದವಡೆಯವರು, ಉಳಿದವರು ಕುತ್ತಿಗೆ, ಭುಜ, ಮಂಡಿಯವರು. ದವಡೆಯವರಲ್ಲಿ ಮೂವರಿಗೆ ಒಬ್ಬರಂತೆ, ಏನೂ ಆಗದ ಹಲ್ಲೊಂದನ್ನು ಕಳೆದುಕೊಂಡ ಮೇಲೆಯೇ ಈ ಮೆಟ್ಟಿಲು ಹತ್ತಿದವರು.

"ಹಲ್ಲಿನ ಡಾಕ್ಟರನ್ನ ಬೈದು ಏನು ಪ್ರಯೋಜನ? ಹಲ್ಲು ನೋವು ಕೀಳಿ ಕೀಳಿ ಅಂತ ಇವರೇ ಹಟ ಹಿಡೀತಾರೆ. ಕಿತ್ತ ಮೇಲೂ ನೋವು ಹೋಗ್ಲಿಲ್ಲ ಅಂದ್ರೆ ಪಕ್ಕದ ಹಲ್ಲು ತೋರಿಸ್ತಾರೆ!" ಪದ್ಮಾವತಿ ಹಣೆಗೆ ಕೈ ಒತ್ತಿಕೊಳ್ಳುತ್ತಾರೆ.

ಬೀದಿಯಲ್ಲಿ ಅವರನ್ನು 'ಮಸಾಜ್ ಮೇಡಂ' ಎನ್ನುವವರಿದ್ದಾರೆ. ಅದಕ್ಕೂ ಸಿಟ್ಟು. ಮೊಬೈಲಿನಲ್ಲಿ ಯಾವುದೋ ವಿಡಿಯೊ ತೋರಿಸಿ, "ಇವನು ಒಂದೇ ಏಟಿಗೆ ಲಟಕ್ ಅನ್ಸಿ ಸರಿ ಮಾಡ್ತಾನೆ, ನೀವ್ಯಾಕೆ ಹತ್ತು ಸಲ ಕರೀತೀರಿ?" ಎನ್ನುವವರ ಮೇಲೆ ಇನ್ನೂ ಸಿಟ್ಟು. ಆದರೆ ಅವರ ತಾಳ್ಮೆಯನ್ನು ನಿಜಕ್ಕೂ ಪರೀಕ್ಷಿಸುವವರು ಸಿದ್ಧಾರ್ಥ್. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ನಲವತ್ತು ಜನರ ತಂಡದ ಮುಖ್ಯಸ್ಥ. ಪ್ರತಿ ಶನಿವಾರ ಊರಿನ ಆ ತುದಿಯಿಂದ ಈ ತುದಿಗೆ ಬರುತ್ತಾರೆ. ಬಾಯೊಳಗೆ ಪದ್ಮಾವತಿಯವರ ಹೆಬ್ಬೆರಳು ಇರುವಾಗಲೂ ಕಿವಿಯಲ್ಲಿ ಮೀಟಿಂಗು ನಡೆಯುತ್ತಿರುತ್ತದೆ. ಒಮ್ಮೆ ಅವರು ಗದರಿದಾಗ ಸಿದ್ಧಾರ್ಥ್ ಬೆರಳು ಸರಿಸಿ ಹೇಳಿದರಂತೆ, "ಕ್ಯಾಮೆರಾ ಆಫ್ ಇದೆ ಮೇಡಂ."

"ಹಲ್ಲು ಕಡಿಯೋದು ಬಿಡಿ ಅಂದ್ರೆ, ಈ ಕ್ವಾರ್ಟರ್ ಮುಗೀಲಿ ಮೇಡಂ ಅಂತಾರೆ. ಹೋದ ಸಲಾನೂ ಅದೇ ಅಂದಿದ್ರು" ಎಂದು ಪದ್ಮಾವತಿ ಕೈ ಚೆಲ್ಲುತ್ತಾರೆ.

ಈ ಸಿಟ್ಟಿನ ಮೂಲ ಹುಡುಕಿದರೆ ಅದು ಮಾಕಳಿಯ ಅವರ ತವರುಮನೆಗೆ ಹೋಗಿ ನಿಲ್ಲುತ್ತದೆ. ತಂದೆ ದಾಸಪ್ಪನವರಿಗೆ ತುಮಕೂರು ರಸ್ತೆಯ ಪಕ್ಕದಲ್ಲೇ ಹೊಲವಿತ್ತು. ಅವರೆ, ರಾಗಿ, ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಎರಡು ಉಗ್ರಾಣ, ಒಂದು ಸಾಲು ಬಾಡಿಗೆ ಮನೆ. ಪದ್ಮಾವತಿ ಆ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಫಿಸಿಯೋಥೆರಪಿ ಎಂದರೇನೆಂದು ಅಪ್ಪನಿಗೆ ಬಿಡಿಸಿ ಹೇಳಲು ಅವರಿಗೆ ವಾರ ಹಿಡಿದಿತ್ತು. ಓದಿ ಮುಗಿಸಿ ಖಾಸಗಿ ಆಸ್ಪತ್ರೆ ಸೇರಿದರು. ಹತ್ತು ವರ್ಷ ಮಂಡಿ, ಸೊಂಟ, ಪಾರ್ಶ್ವವಾಯು. ದವಡೆ ಕೀಲಿನ ಪಾಠ ಅವರ ಕಾಲೇಜಿನಲ್ಲಿ ನಡೆದದ್ದು ಒಂದೇ ದಿನ, ಅದೂ ಊಟಕ್ಕೆ ಮುಂಚಿನ ಕೊನೆಯ ತರಗತಿ. ಪರೀಕ್ಷೆಗೆ ಬರುವುದಿಲ್ಲವೆಂದು ಮೇಷ್ಟರೇ ಹೇಳಿಬಿಟ್ಟಿದ್ದರು.

ಹದಿನಾಲ್ಕು ವರ್ಷದ ಹಿಂದೆ ಅವರ ತಾಯಿ ಪಿಳ್ಳಮ್ಮನಿಗೆ ಕಿವಿನೋವು ಶುರುವಾಯಿತು. "ಪದ್ದಿ, ಕಿವಿ ಒಳ್ಗೆ ಯಾರೋ ಮೊಳೆ ಒಡೀತಾವ್ರೆ ಕಣೆ" ಎನ್ನುತ್ತಿದ್ದರು. ಕಿವಿ ಡಾಕ್ಟರು ನೋಡಿದರು, ಏನೂ ಇಲ್ಲವೆಂದರು. ನೋವು ಹಲ್ಲಿಗೆ ಬಂತು. ಒಂದು ಹಲ್ಲು ಹೋಯಿತು, ಇನ್ನೊಂದು, ಮತ್ತೊಂದು. ಹನ್ನೊಂದು ತಿಂಗಳು ಹೀಗೇ ಕಳೆಯಿತು. ಪಿಳ್ಳಮ್ಮ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವ ಹಂತಕ್ಕೆ ಬಂದಾಗ, ಮಗಳು ರಜೆ ಹಾಕಿ ನಗರದೊಳಗಿನ ದಂತ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿದ್ದ ಡಾ. ರಾಜೇಂದ್ರ ಬಾಯಿ ನೋಡುವ ಮೊದಲು ಕಿವಿಯ ಮುಂದೆ ಬೆರಳಿಟ್ಟರು. ಅರ್ಧ ನಿಮಿಷದಲ್ಲಿ ಹೇಳಿದರು, "ಅಮ್ಮಾ, ಇದು ಹಲ್ಲಲ್ಲ, ಕೀಲು. ಔಷಧಿಗಿಂತ ಇದಕ್ಕೆ ಫಿಸಿಯೋ ಬೇಕು. ನಿಮ್ಮ ಕಡೆ ಯಾರಾದ್ರೂ ಫಿಸಿಯೋ ಗೊತ್ತಾ?"

ಪಕ್ಕದಲ್ಲಿ ನಿಂತಿದ್ದ ಪದ್ಮಾವತಿ "ನಾನೇ ಸಾರ್" ಎಂದರು. ಎರಡನೆಯ ಸಲ ಹೇಳಬೇಕಾಯಿತು.

ಮನೆಗೆ ಬರುವಾಗ ಬಸ್ಸಿನಲ್ಲಿ ಪಿಳ್ಳಮ್ಮ ಅಂದ ಮಾತನ್ನು ಅವರು ಈಗಲೂ ಅಮ್ಮನ ದನಿಯಲ್ಲೇ ಹೇಳುತ್ತಾರೆ: "ಊರ್ನೋರ ಮಂಡಿಯೆಲ್ಲ ಇಡ್ಕಂಡು ಕೂತಿದ್ದೆ. ನಿಮ್ಮವ್ವನ ಮಕ ಒಂದ್ಸಲ ಮುಟ್ಟಿ ನೋಡ್ಲಿಲ್ವಲ್ಲೆ."

ಮೂರು ತಿಂಗಳಲ್ಲಿ ಪಿಳ್ಳಮ್ಮನ ನೋವು ಹೋಯಿತು. ಹೋದ ಹಲ್ಲು ಹೋಯಿತು. ಪದ್ಮಾವತಿ ಆಸ್ಪತ್ರೆಯ ಕೆಲಸದ ಜೊತೆಗೇ ಎರಡು ವರ್ಷ ಪ್ರತಿ ಗುರುವಾರ ಡಾ. ರಾಜೇಂದ್ರ ಅವರ ಹಿಂದೆ ನಿಂತು ಕಲಿತರು. ಕುರ್ಚಿ ಯಾರೂ ಕೊಡಲಿಲ್ಲ, ಅವರೂ ಕೇಳಲಿಲ್ಲ. ಎಂಟು ವರ್ಷದ ಹಿಂದೆ ಆಸ್ಪತ್ರೆ ಬಿಟ್ಟು ದಾಸರಹಳ್ಳಿಯಲ್ಲಿ ಈ ಒಂದು ಕೋಣೆ ಹಿಡಿದರು. ಕಾರ್ಖಾನೆಯವರು ಪಾಳಿಗೆ ಹೋಗುವ ಮುಂಚೆ, ಪಾಳಿ ಮುಗಿದ ಮೇಲೆ ಬರಲೆಂದು ಐದೂವರೆಗೇ ಬಾಗಿಲು ತೆರೆಯುವ ಅಭ್ಯಾಸ ಅಂದಿನಿಂದ ಬಂದದ್ದು.

"ಜನರನ್ನ ಬೈತೀನಿ ಅಂತಾರೆ. ಅರ್ಧ ಬೈಗುಳ ನಂಗೇ ಕಣ್ರೀ" ಎಂದು ಒಪ್ಪಿಕೊಳ್ಳುತ್ತಾರೆ.

ಅವರನ್ನು ಅತಿ ಹೆಚ್ಚು ಬೇಸರಪಡಿಸಿದ ರೋಗಿ ಯಾರೆಂದರೆ ಯೋಚಿಸದೆ ಬರುವ ಹೆಸರು ಆವಲಪ್ಪ. ಮಾಕಳಿಯಿಂದ ಆಚೆಯ ಹಳ್ಳಿಯವರು, ಪೀಣ್ಯದಲ್ಲಿ ಅಲ್ಯೂಮಿನಿಯಂ ಅಚ್ಚು ಹುಯ್ಯುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಆಪರೇಟರಾಗಿದ್ದವರು. ಎರಡು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ಅವರ ಸೂಪರ್‌ವೈಸರು ಹೇಳಿದರೆಂದು ಹುಡುಕಿಕೊಂಡು ಬಂದರು. ಆಗ ಅವರಿಗೆ ನಲವತ್ತನಾಲ್ಕು.

"ಬಾಯಿ ಸರ್ಯಾಗಿ ತೆಗೆಯಕ್ಕಾಯ್ತಿಲ್ಲ ಮೇಡಂ. ಮುದ್ದೆ ತುತ್ತು ಒಳ್ಗೋಗಲ್ಲ. ಗೋಲಿಯಂಗೆ ಚಿಕ್ದು ಮಾಡ್ಕಂಡು ನುಂಗ್ತೀನಿ. ಖಾರ ತಗುಲುದ್ರೆ ಉರೀತದೆ."

ಪದ್ಮಾವತಿ ಎಂದಿನಂತೆ ಕಿವಿಯ ಮುಂದೆ ಬೆರಳಿಟ್ಟರು. ಎರಡೂ ಕೀಲು ಸರಾಗವಾಗಿದ್ದವು. ಸದ್ದಿಲ್ಲ, ನೋವಿಲ್ಲ. ಆದರೂ ಬಾಯಿ ಒಂದೂವರೆ ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಕೈಗವಸಿನ ಬೆರಳನ್ನು ಕೆನ್ನೆಯ ಒಳಗೆ ಸರಿಸಿದರು. ನೆನೆದ ಬಟ್ಟೆಯಷ್ಟು ಮೆತ್ತಗಿರಬೇಕಾದ ಜಾಗ ಹಗ್ಗದಂತೆ ಬಿಗಿದಿತ್ತು. ಟಾರ್ಚು ಬಿಟ್ಟು ನೋಡಿದರೆ ಕೆನ್ನೆಯ ಒಳಭಾಗ ಬಿಳಿಚಿಕೊಂಡಿತ್ತು. ಎಡಗಡೆ, ಕೊನೆಯ ಹಲ್ಲಿನ ಹಿಂದೆ, ಅಂಚು ದಪ್ಪಗಾದ ಒಂದು ಹುಣ್ಣು.

"ಇದು ಎಷ್ಟು ದಿನದಿಂದ ಇದೆ?"

"ಅಲ್ಲು ಕಚ್ಕಂಡಿದ್ದು ಮೇಡಂ. ಅಬ್ಬದ ಟೈಮಲ್ಲಿ."

"ಯಾವ ಹಬ್ಬ?"

"ಯುಗಾದಿ."

"ದಿನಕ್ಕೆ ಎಷ್ಟು ಪ್ಯಾಕೆಟ್ ಗುಟ್ಕಾ?"

"ಮೂರೋ ನಾಕೋ."

ಪದ್ಮಾವತಿ ಬಿಗಿದ ಕೆನ್ನೆಗೆ ಮತ್ತೆ ಬೆರಳು ಒತ್ತಿದರು.

"ಒಂಬತ್ತು" ಎಂದರು ಆವಲಪ್ಪ.

ಪದ್ಮಾವತಿ ಕೈ ಹೊರಗೆ ತೆಗೆದರು. ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದರು. "ನಾನು ಇದನ್ನ ಮುಟ್ಟಲ್ಲ ಆವಲಪ್ಪ. ಇದು ಕೀಲಿನ ತೊಂದ್ರೆ ಅಲ್ಲ. ನಾನು ಎಳೆದು ಬಾಯಿ ಒಂದಿಷ್ಟು ಅಗಲ ಮಾಡಿಬಿಟ್ರೆ ನಿಮಗೆ ವಾಸಿಯಾಯ್ತು ಅನ್ಸುತ್ತೆ. ಹುಣ್ಣು ಅಲ್ಲೇ ಇರುತ್ತೆ. ಮೊದಲು ಅದನ್ನ ಪರೀಕ್ಷೆ ಮಾಡಿಸ್ಬೇಕು, ಈ ವಾರದೊಳಗೇ." ತಾವು ಕಲಿತಿದ್ದ ದಂತ ಆಸ್ಪತ್ರೆಗೆ ಪತ್ರ ಬರೆದುಕೊಟ್ಟರು. ಯಾವ ವಿಭಾಗ, ಯಾವ ದಿನ, ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲ ಬಿಡಿಸಿ ಹೇಳಿದರು.

ಆವಲಪ್ಪನ ಮುಖ ಕೆಂಪಾಯಿತು. "ನಮ್ ಸೂಪರ್‌ವೈಜರ್‌ಗೆ ಎಲ್ಡೇ ದಿನ್ಕೆ ಸರಿ ಮಾಡುದ್ರಂತೆ. ನಂಗ್ಯಾಕಾಗಲ್ಲ? ಅರ್ಧ ದಿನ ರಜ ಆಕಿ ಬಂದಿವ್ನಿ!" ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡು ಮೆಟ್ಟಿಲಿಳಿದು ಹೋದರು.

ವಾರ ಕಳೆದ ಮೇಲೆ ಪದ್ಮಾವತಿ ಫೋನು ಮಾಡಿದರು. ಎತ್ತಲಿಲ್ಲ. ಮಾರನೆಯ ದಿನ ಎತ್ತಿ, "ಓಗ್ತೀನಿ ಮೇಡಂ, ಓವರ್‌ಟೈಮ್ ನಡೀತೈತೆ" ಎಂದರು. ಮೂರನೆಯ ಸಲ ಮಾಡಿದಾಗ ಸಿಕ್ಕ ಉತ್ತರ: "ಓಗಿದ್ದೆ ಮೇಡಂ. ನೋಡುದ್ರು. ಏನೂ ಇಲ್ಲ ಅಂದ್ರು."

"ಹೌದಾ? ಯಾವ ಮಹಡೀಲಿ ನೋಡಿದ್ರು?"

"ಮೂರ್ನೇದು."

ಆ ವಿಭಾಗ ಇರುವುದು ನೆಲಮಹಡಿಯಲ್ಲಿ. ಎರಡು ವರ್ಷ ಅಲ್ಲಿ ನಿಂತು ಕಾಲು ನೋಯಿಸಿಕೊಂಡವರಿಗೆ ಅಷ್ಟು ಗೊತ್ತಿರುವುದಿಲ್ಲವೇ? ಪದ್ಮಾವತಿ ಫೋನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಬೆಂಚಿನ ಮೇಲಿದ್ದ ನಾಲ್ವರೂ ತಲೆಯೆತ್ತಿದರು. ಅಷ್ಟೊತ್ತಿಗೆ ಬಾಯಿಮಾತಿನಲ್ಲಿ ಇನ್ನೊಂದು ಸುದ್ದಿಯೂ ಬಂದಿತ್ತು. ಆವಲಪ್ಪ ಯಾರೋ ನಾಟಿ ವೈದ್ಯನ ಬಳಿ ಹೋಗಿ ಕೆನ್ನೆಗೆ ಎಣ್ಣೆ ತಿಕ್ಕಿಸಿಕೊಂಡು, ಬಾಯಿಗೆ ಮರದ ತುಂಡು ಕೊಟ್ಟು ಅಗಲಿಸಿಕೊಳ್ಳುತ್ತಿದ್ದರು.

ಮರುದಿನ ಮಧ್ಯಾಹ್ನ, ಪಾಳಿ ಬಿಡುವ ಹೊತ್ತಿಗೆ, ಪದ್ಮಾವತಿ ಕಾರ್ಖಾನೆಯ ಗೇಟಿನ ಮುಂದಿದ್ದರು. ಕಾವಲಿನ ಮುನಿರಾಜು ಒಳಗೆ ಬಿಡಲಿಲ್ಲ. "ಯಾವ ವಿಷ್ಯ ಮೇಡಂ?" ಎಂದು ಕೇಳಿದ. ರೋಗಿಯ ಬಾಯೊಳಗಿನ ವಿಷಯವನ್ನು ಗೇಟಿನಲ್ಲಿ ಹೇಳುವಂತಿಲ್ಲ. "ಸ್ವಂತ ವಿಷ್ಯ" ಎಂದರು. ಮುನಿರಾಜು ಅವರನ್ನು ಮೇಲಿಂದ ಕೆಳಗೆ ನೋಡಿ, ತನಗೆ ತೋಚಿದ ಅರ್ಥ ಮಾಡಿಕೊಂಡು, ಕುರ್ಚಿಯನ್ನು ಇನ್ನಷ್ಟು ದೂರ ಎಳೆದುಕೊಂಡ. ಲಾರಿಗಳ ಧೂಳು ಕುಡಿಯುತ್ತ ನಲವತ್ತು ನಿಮಿಷ ನಿಂತರು. ಕೊನೆಗೆ ಗುಂಪಿನೊಂದಿಗೆ ಹೊರಬಂದ ಆವಲಪ್ಪ ಅವರನ್ನು ಕಂಡವರೇ ತಿರುಗಿ ಒಳಗೆ ನಡೆದರು.

"ಆವಲಪ್ಪ!" ರಸ್ತೆಗೆಲ್ಲ ಕೇಳುವಂತೆ ಪದ್ಮಾವತಿ ಕೂಗಿದರು. "ಟೀ ಕುಡಿಯೋಣ ಬನ್ರಿ!"

ಇಡೀ ಪಾಳಿ ನೋಡುತ್ತಿತ್ತು. ಬರದೆ ವಿಧಿಯಿರಲಿಲ್ಲ.

ಗೇಟಿನೆದುರಿನ ಚಹಾದಂಗಡಿಯ ಹಿಂದೆ, ಯಾರೂ ಇಲ್ಲದ ಕಡೆ ಕೂತರು. ಆವಲಪ್ಪ ಬನ್ನನ್ನು ಚೂರು ಮಾಡಿ ಟೀಯಲ್ಲಿ ಅದ್ದಿ ಅದ್ದಿ ಒಳಗೆ ಸೇರಿಸುತ್ತಿದ್ದರು. ಪದ್ಮಾವತಿ ಮೂರು ವಾರದಿಂದ ಕೂಡಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಹೊರಗೆ ಹಾಕಿದರು. ಸುಳ್ಳು ಹೇಳಿದ್ದಕ್ಕೆ, ಮರದ ತುಂಡು ಕಚ್ಚಿದ್ದಕ್ಕೆ, ಅವರೆದುರೇ ಜೇಬಿನಲ್ಲಿ ಇಣುಕುತ್ತಿದ್ದ ಪ್ಯಾಕೆಟ್ಟಿಗೆ. ಆವಲಪ್ಪ ಎಲ್ಲ ಕೇಳಿಸಿಕೊಂಡರು. ಆಮೇಲೆ ಲೋಟ ಕೆಳಗಿಟ್ಟರು.

"ಅಲ್ಲಿಗೋದ್ರೆ ಕಾಯ್ಲೆ ಎಸ್ರು ಏಳ್ಬುಡ್ತಾರೆ ಮೇಡಂ. ಎಸ್ರು ಏಳುದ್ಮೇಲೆ ನಾನು ಮನೇಗೆ ಯಂಗೆ ಓಗ್ಲಿ?"

ಆ ಹುಣ್ಣು ಏನಿರಬಹುದೆಂದು ಆವಲಪ್ಪನಿಗೂ ಮೊದಲ ದಿನವೇ ಅನುಮಾನ ಬಂದಿತ್ತು. ಕಾರ್ಖಾನೆಯಲ್ಲಿ ಪಕ್ಕದ ಯಂತ್ರದಲ್ಲಿದ್ದವನೊಬ್ಬ ಹೀಗೇ ಆಸ್ಪತ್ರೆಗೆ ಹೋಗಿ, ಹೆಸರು ಕೇಳಿಸಿಕೊಂಡು ಬಂದು, ಆರು ತಿಂಗಳಿಗೆ ಇಲ್ಲವಾಗಿದ್ದ. ಆವಲಪ್ಪ ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಹಲ್ಲುನೋವು ಎಂದಷ್ಟೇ ಹೇಳಿದ್ದರು.

ಪದ್ಮಾವತಿ ಬೈಗುಳ ನಿಲ್ಲಿಸಿದರು. "ಹೆಸ್ರು ಹೇಳ್ದಿದ್ರೆ ಅದು ಎದ್ದು ಹೋಗುತ್ತಾ ಆವಲಪ್ಪ?" ಎಂದಷ್ಟೇ ಕೇಳಿದರು. ಆಮೇಲೆ ಹೇಳಿದರು, "ನಾಳೆ ಆರೂವರೆಗೆ ಮೆಟ್ರೊ ಸ್ಟೇಷನ್ ಹತ್ರ ನಿಂತಿರ್ತೀನಿ. ನಾನೇ ಜೊತೇಲಿ ಬರ್ತೀನಿ. ಹೆಂಡ್ತೀಗೆ ಹೇಳಿ, ಅವರನ್ನೂ ಕರ್ಕೊಂಡು ಬನ್ನಿ. ಬರ್ಲಿಲ್ಲ ಅಂದ್ರೆ ಮಧ್ಯಾಹ್ನ ಮತ್ತೆ ಈ ಗೇಟಿಗೆ ಬರ್ತೀನಿ. ನಾಳಿದ್ದೂ ಬರ್ತೀನಿ. ಟೀ ಕುಡಿಯೋಣ ಬನ್ರಿ ಅಂತ ದಿನಾ ಕೂಗ್ತೀನಿ."

ಆವಲಪ್ಪ ಬಂದರು. ಹಿಂದೆ ಹೆಂಡತಿ ಬೈರಮ್ಮ, ಕೈಯಲ್ಲಿ ತಿಂಡಿಯ ಡಬ್ಬಿ. ಹಿಂದಿನ ಸಂಜೆಯಷ್ಟೇ ವಿಷಯ ತಿಳಿದ ಹೆಂಗಸು ರೈಲಿನಲ್ಲಿ ಗಂಡನ ಕಡೆ ನೋಡದೆ ಕೂತಿದ್ದರು. ಮೆಜೆಸ್ಟಿಕ್ ಹತ್ತಿರ ಬಂದಾಗ ಒಂದೇ ಮಾತು ಕೇಳಿದರು: "ಲೇಟಾಗೈತಾ ಮೇಡಂ?"

"ಗೊತ್ತಿಲ್ಲಮ್ಮ. ಗೊತ್ತು ಮಾಡ್ಕೊಳ್ಳೋಕೇ ಹೋಗ್ತಿರೋದು."

ಅತ್ತ ದಾಸರಹಳ್ಳಿಯಲ್ಲಿ ಬೀಗ ಹಾಕಿದ ಬಾಗಿಲು ನೋಡಿದವರಿಂದ ಆ ಬೆಳಿಗ್ಗೆ ಹದಿನಾಲ್ಕು ಕರೆ ಬಂದವು. ಆರು ವರ್ಷದಲ್ಲಿ ಮೊದಲ ಬಾರಿಗೆ ಕೆಲಸದ ದಿನ ಬಾಗಿಲು ಮುಚ್ಚಿತ್ತು. ಒಬ್ಬರೂ ಯಾಕೆಂದು ಕೇಳಲಿಲ್ಲ, ಎಲ್ಲರೂ ಯಾವಾಗ ತೆಗೆಯುತ್ತೀರಿ ಎಂದೇ ಕೇಳಿದರು. ಅದನ್ನು ಹೇಳುವಾಗ ಪದ್ಮಾವತಿ ಈಗಲೂ ತಲೆ ಕೊಡವುತ್ತಾರೆ.

ಹುಣ್ಣಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ಹೆಸರು ಬಂತು. ಕ್ಯಾನ್ಸರ್. ಆದರೆ ಶುರುವಿನ ಹಂತ, ಕುತ್ತಿಗೆಗೆ ಇಳಿದಿರಲಿಲ್ಲ. ಇನ್ನು ನಾಲ್ಕು ತಿಂಗಳು ತಡವಾಗಿದ್ದರೆ ನಾನು ಬೇರೆ ಮಾತು ಆಡಬೇಕಾಗುತ್ತಿತ್ತು ಎಂದು ಶಸ್ತ್ರಚಿಕಿತ್ಸೆಯ ವೈದ್ಯರು ಬೈರಮ್ಮನಿಗೆ ಹೇಳಿದರು. ಬೈರಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮೊದಲು ಫೋನು ಮಾಡಿದ್ದು ಪದ್ಮಾವತಿಗೆ. ಫೋನಿನಲ್ಲಿ ಮಾತಿಗಿಂತ ಅಳುವೇ ಹೆಚ್ಚಿತ್ತು. ಪದ್ಮಾವತಿ ಆಗ ಯಾರದೋ ದವಡೆ ಹಿಡಿದಿದ್ದರು. ಕೈ ತೊಳೆದು ಬಂದು, ಮಹಡಿಯ ಮೂಲೆಯಲ್ಲಿ ನಿಂತು, ತಾವೂ ಅತ್ತರು. ಇದನ್ನು ಅವರು ಹೇಳಲಿಲ್ಲ, ಕೆಳಗಿನ ಅಂಗಡಿಯ ಹನುಮಂತಯ್ಯ ಹೇಳಿದರು.

ಶಸ್ತ್ರಚಿಕಿತ್ಸೆಯಾಗಿ, ಗಾಯ ಮಾಗಿ, ಆವಲಪ್ಪ ಮತ್ತೆ ಈ ಮೆಟ್ಟಿಲು ಹತ್ತಿದಾಗ ಬಾಯಿ ಮೊದಲಿಗಿಂತ ಕಿರಿದಾಗಿತ್ತು. ಹೊಲಿಗೆಯ ಜಾಗ ಮರಗಟ್ಟಿ ದವಡೆಯನ್ನು ಎಳೆದು ಹಿಡಿದಿತ್ತು. ಈಗ ಅದು ಪದ್ಮಾವತಿಯವರ ಕೆಲಸ. ಅವರು ಐಸ್‌ಕ್ರೀಮಿನ ಮರದ ಕಡ್ಡಿಗಳ ಕಟ್ಟು ತಂದರು. ಒಂದರ ಮೇಲೊಂದು ಜೋಡಿಸಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಡಬೇಕು. ಎರಡು ನಿಮಿಷ ತಡೆದುಕೊಳ್ಳಬೇಕು. ಕೆಲವು ದಿನಕ್ಕೊಮ್ಮೆ ನಡುವೆ ಇನ್ನೊಂದು ಕಡ್ಡಿ ತೂರಿಸಬೇಕು. ದಿನಕ್ಕೆ ಆರು ಸಲ. ಮೊದಲ ದಿನ ಹಿಡಿದದ್ದು ನಾಲ್ಕು ಕಡ್ಡಿ.

ಆವಲಪ್ಪ ಆರು ಸಲ ಮಾಡಿದೆ ಎನ್ನುತ್ತಿದ್ದರು. "ಸುಳ್ಳು ಮೇಡಂ, ಎಲ್ಡೇ ಸಲ" ಎಂದು ಬೈರಮ್ಮ ಪಕ್ಕದಿಂದಲೇ ಹೇಳಿಬಿಡುತ್ತಿದ್ದರು. ಎರಡು ತಿಂಗಳಲ್ಲಿ ಹನ್ನೊಂದು ಕಡ್ಡಿಗೆ ಬಂತು. ಅಲ್ಲಿಗೆ ನಿಂತೇಹೋಯಿತು. ಐದು ವಾರ ಹನ್ನೊಂದೇ. ಒಂದು ದಿನ ಆವಲಪ್ಪ ಕಡ್ಡಿಗಳನ್ನು ಬಾಯಿಂದ ಕಿತ್ತು ಗೋಡೆಗೆ ಎಸೆದರು. "ಸಾಕು ಮೇಡಂ! ಅನ್ನ ಒಳ್ಗೋಯ್ತದೆ, ಅಷ್ಟು ಸಾಕು. ಇನ್ನೇನ್ ನಾನು ಅರಿಕತೆ ಮಾಡ್ಬೇಕಾ?"

ಪದ್ಮಾವತಿ ಬಗ್ಗಿ ಕಡ್ಡಿಗಳನ್ನು ಆರಿಸಿ ಬುಟ್ಟಿಗೆ ಹಾಕಿದರು. ಹೊಸ ಕಟ್ಟು ಬಿಚ್ಚಿದರು. "ನಂಗೂ ಎಸೀಬೇಕು ಅನ್ಸುತ್ತೆ ಆವಲಪ್ಪ. ನಿಮ್ಮನ್ನೇ. ಈ ಮೂರು ತಿಂಗಳಿಂದ ದಿನಾ ಅನ್ಸುತ್ತೆ. ಬಾಯಿ ತೆಗೀರಿ."

ಬೈರಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಆವಲಪ್ಪ ಬಾಯಿ ತೆಗೆದರು.

ಏಳನೆಯ ತಿಂಗಳಿಗೆ ಹದಿನಾರು ಕಡ್ಡಿ. ಮುದ್ದೆಯ ತುತ್ತು ತುತ್ತಿನ ಗಾತ್ರದಲ್ಲೇ ಒಳಗೆ ಹೋಗತೊಡಗಿತು. ಆವಲಪ್ಪ ಕೆಲಸಕ್ಕೆ ವಾಪಸಾದರು, ಹೊಗೆ ಕಮ್ಮಿಯಿರುವ ಪ್ಯಾಕಿಂಗ್ ವಿಭಾಗಕ್ಕೆ. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ತೋರಿಸುತ್ತಾರೆ. ಇಲ್ಲಿಯವರೆಗೆ ಏನೂ ಮರುಕಳಿಸಿಲ್ಲ. ಗುಟ್ಕಾ ಬಿಟ್ಟಿದ್ದಾರೆ. ಅದರ ಬದಲು ದಿನವಿಡೀ ಏಲಕ್ಕಿ ಅಗಿಯುತ್ತಾರೆ, ಅದಕ್ಕೂ ಪದ್ಮಾವತಿ ಬೈಯುತ್ತಾರೆ. "ಆ ದವಡೆಗೆ ಸ್ವಲ್ಪ ಪುರುಸೊತ್ತು ಕೊಡ್ರಿ ಅಂದ್ರೆ ಅರ್ಥಾನೇ ಆಗಲ್ಲ ಆ ಮನುಷ್ಯಂಗೆ!"

ಈಗ ಆವಲಪ್ಪ ಪಾಳಿ ಮುಗಿದ ಮೇಲೆ ಸಹೋದ್ಯೋಗಿಗಳನ್ನು ತೋಳು ಹಿಡಿದು ಎಳೆದುಕೊಂಡು ಬರುತ್ತಾರೆ. ಹೇಳದೆ ಕೇಳದೆ, ಸರದಿ ಲೆಕ್ಕಿಸದೆ. "ಮೇಡಂ, ಇವನ್ದು ಬಾಯಿ ನೋಡಿ, ದಿನಕ್ಕೆ ಏಳು ಪ್ಯಾಕೆಟ್" ಎಂದು ಬಾಗಿಲಿನಿಂದಲೇ ಕೂಗುತ್ತಾರೆ. ಬೆಂಚಿನ ಮೇಲೆ ಕಾಯುತ್ತಿರುವವರು ಗೊಣಗುತ್ತಾರೆ. ಹೀಗೆ ಬಂದವರು ಐದು ಮಂದಿ. ಅವರಲ್ಲಿ ಒಬ್ಬರನ್ನು ಪದ್ಮಾವತಿ ಅಂದೇ ಪತ್ರ ಕೊಟ್ಟು ಆಸ್ಪತ್ರೆಗೆ ಕಳಿಸಿದರು. ಜೊತೆಗೆ ಹೋದದ್ದು ಆವಲಪ್ಪ.

ಕಳೆದ ವರ್ಷ ಪೀಣ್ಯದಲ್ಲಿ ಕಾರ್ಮಿಕರಿಗಾಗಿ ಆರೋಗ್ಯ ಶಿಬಿರ ನಡೆಯಿತು. ಕಣ್ಣು, ರಕ್ತದೊತ್ತಡ, ಸಕ್ಕರೆ, ತೂಕ ನೋಡಿದರು. ಪದ್ಮಾವತಿ ಸಂಘಟಕರ ಬಳಿ ಹೋಗಿ, ನನಗೆ ಒಂದು ಕುರ್ಚಿ, ಒಂದು ಟಾರ್ಚು ಕೊಡಿ, ಸಂಬಳ ಬೇಡ, ಬಾಯಿ ನೋಡುತ್ತೇನೆ ಎಂದರು. ಫಾರಂನಲ್ಲಿ ಅದಕ್ಕೆ ಜಾಗವಿಲ್ಲ ಮೇಡಂ, ಮುಂದಿನ ಸಲ ನೋಡೋಣ ಎಂದರು. ಈ ವರ್ಷವೂ ಹೋದರು. ಫಾರಂ ಆಗಲೇ ಅಚ್ಚಾಗಿಬಿಟ್ಟಿದೆ ಎಂದರು. ಮುಂದಿನ ವರ್ಷ ಅಚ್ಚಾಗುವ ಮೊದಲೇ ಹೋಗುವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ.

"ಒಂ‌ದು ಸಾಲು ಕಣ್ರೀ ನಾನು ಕೇಳ್ತಿರೋದು. ಬಾಯಿ ಎಷ್ಟು ತೆರೆಯುತ್ತೆ ಅಂತ ಬರೆಯೋಕೆ ಒಂದು ಸಾಲು. ಪೂರ್ತಿ ಪುಟ ಕೇಳಿಲ್ಲ" ಎನ್ನುತ್ತಾರೆ.

ಗಂಟೆ ಹತ್ತಾಗುತ್ತ ಬಂದಿದೆ. ಬೆಂಚಿನ ಮೇಲೆ ಐವರು ಕಾಯುತ್ತಿದ್ದಾರೆ, ಅವರಲ್ಲಿ ಇಬ್ಬರು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾರೆ. ಪದ್ಮಾವತಿ ಬಾಗಿಲಿನಿಂದಲೇ ಆ ಇಬ್ಬರನ್ನೂ ದುರುಗುಟ್ಟಿ ನೋಡುತ್ತಾರೆ, ಕೈಗಳು ಥಟ್ಟನೆ ಕೆಳಗಿಳಿಯುತ್ತವೆ. ಇಷ್ಟು ವರ್ಷದ ಕೆಲಸದಲ್ಲಿ ಹೆಮ್ಮೆ ಅನ್ನಿಸುವುದು ಯಾವುದು ಎಂಬ ಪ್ರಶ್ನೆಗೆ ಮೊದಲು ಅವರಿಗೆ ರೇಗುತ್ತದೆ. ಇಂಥ ಪ್ರಶ್ನೆಗೆಲ್ಲ ಪುರುಸೊತ್ತು ಎಲ್ಲಿದೆ ಎನ್ನುತ್ತಾರೆ. ಹೊಸ ಕೈಗವಸನ್ನು ಎಳೆದು ತೊಡುತ್ತ, ಬೆರಳುಗಳನ್ನು ಒಂದೊಂದಾಗಿ ಸರಿಮಾಡಿಕೊಳ್ಳುತ್ತಾರೆ.

"ಇಪ್ಪತ್ನಾಲ್ಕು ವರ್ಷದಲ್ಲಿ ಎಷ್ಟು ಜನಕ್ಕೆ ಕೈ ಹಾಕಿದೀನೋ ನೆನಪಿಲ್ಲ. ಆವತ್ತು ಆವಲಪ್ಪನ ಬಾಯಿಂದ ಕೈ ತೆಗೆದ್ನಲ್ಲ, ಅದೊಂದನ್ನ ಸರಿಯಾಗಿ ಮಾಡ್ದೆ."